ಗೂಳಪ್ಪನಿಗೆ ಎರಡು ಬೆರಳು ಎಡಕ್ಕೆ

ನನ್ನ ಹೆಂಡತಿ ಸೌಂದರ್ಯಾಳ ಹಣೆಯಲ್ಲಿ ಶಿವ ಏನೇನೋ ಬರೆದಿದ್ದಾನೆ, ಕೂತಲ್ಲಿ ಕೂರುವುದೊಂದನ್ನು ಬಿಟ್ಟು. ಅತ್ತಿಗುಪ್ಪೆಯ ನಮ್ಮ ಬಾಡಿಗೆ ಮನೆಯಲ್ಲಿ ಕುರ್ಚಿಗಳಿವೆ, ದಿವಾನ ಇದೆ, ಮದುವೆಯಲ್ಲಿ ಅವಳ ಅಪ್ಪ ಕರಿಬಸಪ್ಪನವರು ಕೊಟ್ಟ ತೂಗುಕುರ್ಚಿಯೂ ಇದೆ. ಯಾವುದರ ಮೇಲೂ ಅವಳು ಒಂದು ಲೋಟ ಟೀ ಮುಗಿಯುವ ತನಕ ಕೂತದ್ದನ್ನು ನಾನು ಕಂಡಿಲ್ಲ. ಎಲ್ಲೋ ಕುಕ್ಕರ್ ಕೂಗಿದರೆ ಲೋಟ ಹಿಡಿದುಕೊಂಡೇ ಬಾಲ್ಕನಿಗೆ ಹೋಗುತ್ತಾಳೆ. “ಹಿಂದಿನ ಬೀದಿ, ಮೂಲೆ ಮನೆ,” ಎಂದು ಬಂದು ಹೇಳುತ್ತಾಳೆ. ಹೇಳು ಎಂದು ಯಾರೂ ಕೇಳಿರುವುದಿಲ್ಲ.

ಇದು ಇವತ್ತಿನದಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಪಕ್ಕದ ಬೀದಿಯಲ್ಲಿ ಬೆಳೆದವಳು. ಯಾರ ಮನೆಯಲ್ಲಿ ಪಾತ್ರೆ ಬಿದ್ದರೂ, ಯಾವ ಗಲ್ಲಿಯಲ್ಲಿ ಪಟಾಕಿ ಹೊಡೆದರೂ ಓಡುತ್ತಿದ್ದಳಂತೆ. ಜಗಳ ನೋಡುವುದಕ್ಕಲ್ಲ, ಸದ್ದು ಎಲ್ಲಿಂದ ಬಂತು ಎಂದು ತಿಳಿಯುವುದಕ್ಕೆ. ತಿಳಿದ ಮೇಲೆ ಸುಮ್ಮನೆ ವಾಪಸು. ಇವತ್ತಿಗೂ ಯಾರೋ ಹೋಗಿಬಿಟ್ಟರು ಎಂದು ಸುದ್ದಿ ಹೇಳಿದರೆ ಅವಳ ಬಾಯಿಂದ ಮೊದಲು ಬರುವುದು “ಎಲ್ಲಿ?” ಅಂತ. “ಅಯ್ಯೋ ಪಾಪ” ಆಮೇಲೆ.

ಇನ್ನೊಂದು ಗುಣ, ತಿದ್ದುವುದು. ಆಟೋದವರ ದಾರಿ ತಿದ್ದುತ್ತಾಳೆ, ನನ್ನ ಲೆಕ್ಕ ತಿದ್ದುತ್ತಾಳೆ. ವಿಜಯನಗರದ ಒಂದು ಪ್ರವಚನದಲ್ಲಿ ಸ್ವಾಮಿಗಳು ಆಕಾಶದಲ್ಲೆಲ್ಲ ಧ್ರುವ ನಕ್ಷತ್ರವೇ ಹೆಚ್ಚು ಹೊಳೆಯುವುದು ಎಂದಿದ್ದರು. ಪ್ರಸಾದದ ಸಾಲಿನಲ್ಲಿ ಅವರ ಎದುರಿಗೆ ಬಂದಾಗ, ನಮಸ್ಕಾರ ಮಾಡಿ, ಎಲೆ ಚಾಚಿಕೊಂಡು, ಅವರನ್ನೂ ತಿದ್ದಿದಳು. ನಾನು ಕಂಬದ ಹಿಂದೆ ಸರಿದು ನಿಂತೆ.

ನಮ್ಮ ಮದುವೆ ಮಾಡಿಸಿದವರು ದೂರದ ನೆಂಟ ಶಿವಬಸಪ್ಪ ಮಾಮ. ಅವರ ವಾದ ಒಂದೇ. “ಹುಡುಗನೂ ಎಕ್ಸ್-ರೇ, ಹುಡುಗೀನೂ ಎಕ್ಸ್-ರೇ. ಜೋಡಿ ಅಂದ್ರ ಇದು.” ನಾನು ವಿಜಯನಗರದ ಒಂದು ಡಯಾಗ್ನೋಸ್ಟಿಕ್ ಸೆಂಟರಿನಲ್ಲಿ ಎಕ್ಸ್-ರೇ ತೆಗೆಯುವವನು, ಹೆಸರು ಸಿದ್ದಲಿಂಗೇಶ್. ಅವಳು ಕೆಂಗೇರಿ ಆಚೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಉಪಗ್ರಹಗಳಿಂದ ಬರುವ ಮಾಹಿತಿ ನೋಡುವವಳು, ಕಾಂಟ್ರಾಕ್ಟ್ ಕೆಲಸ. ನಾನು ಮೂಳೆ ನೋಡುತ್ತೇನೆ, ಅವಳು ಆಕಾಶ ನೋಡುತ್ತಾಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ನಮ್ಮನ್ನು ನೋಡಿಯೇ ಹೇಳಿದ್ದಿರಬೇಕು.

ಆದರೂ ಅವಳ ಕೆಲಸ ನನಗೆ ಅರ್ಥವಾದದ್ದು ನನ್ನ ಕೆಲಸದಿಂದಲೇ. ನಮ್ಮಲ್ಲಿಗೆ ಬಂದವರನ್ನು ಎಲ್ಲಿ ನೋವು ಎಂದು ಕೇಳಿದರೆ ಎದೆಯ ಮೇಲೆಲ್ಲ ಕೈ ಆಡಿಸಿ “ಇಲ್ಲೆಲ್ಲಾ ಸಾರ್” ಎನ್ನುತ್ತಾರೆ. ಎಕ್ಸ್-ರೇ ತೆಗೆದರೆ ಒಂದೇ ಪಕ್ಕೆಲುಬು, ಒಂದೇ ಬಿರುಕು. ಅವಳಿಗೂ ಹಾಗೆಯೇ. ಗಾಮಾ ಕಿರಣ ಹಿಡಿಯುವ ಉಪಗ್ರಹ, ಆಕಾಶದಲ್ಲಿ ಏನೋ ಸಿಡಿಯಿತು ಎಂದು ಹೇಳುತ್ತದೆ. ಎಲ್ಲಿ ಎಂದರೆ ಅಗಲವಾಗಿ ಕೈ ಆಡಿಸುತ್ತದೆ. ಅಷ್ಟರಲ್ಲೇ ಎಕ್ಸ್-ರೇ ದುರ್ಬೀನು ಇರುವ ಇನ್ನೊಂದು ಉಪಗ್ರಹವನ್ನು ಆ ಕಡೆಗೆ ತಿರುಗಿಸಿದರೆ ಇದೇ ಚುಕ್ಕೆ ಎಂದು ಬೆರಳಿಟ್ಟು ತೋರಿಸಬಹುದು. ದುರ್ಬೀನಿಗೆ ಒಂದು ಸಲಕ್ಕೆ ಕಾಣುವುದು ಹುಣ್ಣಿಮೆ ಚಂದ್ರನಷ್ಟು ಜಾಗ ಮಾತ್ರ. ಹಾಗಾಗಿ ಮೊದಲು ಕೈ ಆಡಿಸುವವರು ಸರಿಯಾಗಿ ಆಡಿಸಬೇಕು. ಆ ಕೆಲಸ ಇವಳದು.

ಸಿಡಿಯುವುದು ಏನು ಎಂದರೆ ಸತ್ತ ನಕ್ಷತ್ರದ ಗಟ್ಟಿ ತಿರುಳು. ಅಗಲ ನಮ್ಮ ಬೆಂಗಳೂರಿನಷ್ಟು, ತೂಕ ಸೂರ್ಯನಿಗಿಂತ ಹೆಚ್ಚು, ಅಯಸ್ಕಾಂತದ ಶಕ್ತಿ ಹೇಳತೀರದು. ಅದರ ಮೇಲಿನ ಸಿಪ್ಪೆ ಆಗಾಗ ಬಿರಿಯುತ್ತದೆ. ಆಗ ಚಿಟಿಕೆ ಹೊಡೆಯುವುದಕ್ಕಿಂತ ಕಡಿಮೆ ಹೊತ್ತು ಗಾಮಾ ಕಿರಣಗಳು ಸಿಡಿಯುತ್ತವೆ. ಗಾಮಾ ಕಿರಣಗಳಲ್ಲೇ ಕಡಿಮೆ ಶಕ್ತಿಯ ಮೆತ್ತನೆಯವು, ಮತ್ತೆ ಮತ್ತೆ ಬರುವಂಥವು. ಕೆಲವು ದಿನ ಹೀಗೆ ಸಿಡಿದು ಆಮೇಲೆ ವರ್ಷಗಟ್ಟಲೆ ಮೌನ. ಮ್ಯಾಗ್ನೆಟಾರ್ ಎನ್ನುತ್ತಾರೆ. ಅವುಗಳ ಹೆಸರುಗಳು ಫೋನ್ ನಂಬರಿನ ಹಾಗೆ ಬರೀ ಅಂಕಿಗಳು. ಆದ್ದರಿಂದ ಅವುಗಳಲ್ಲಿ ಒಂದಕ್ಕೆ ನಾವು ಮನೆಯಲ್ಲಿ ಗೂಳಪ್ಪ ಎಂದು ಕರೆಯುತ್ತಿದ್ದೆವು. ಗೂಳಪ್ಪ ನಮ್ಮ ಮನೆ ಓನರ್, ಕೆಳಗಿನ ಮನೆಯಲ್ಲಿದ್ದಾರೆ. ನೀರಿನ ಮೋಟಾರ್ ಆಫ್ ಮಾಡಲಿಲ್ಲ ಎಂದು ಒಂದು ಸಲ ಸಿಡಿದರೆ ಬೀದಿಗೆಲ್ಲ ಕೇಳಬೇಕು. ಆಮೇಲೆ ಆರು ತಿಂಗಳು ಅವರು ಮನೆಯಲ್ಲಿದ್ದಾರೋ ಇಲ್ಲವೋ ತಿಳಿಯುವುದಿಲ್ಲ.

ಹೋದ ಶ್ರಾವಣದಲ್ಲಿ, ಒಂದು ಗುರುವಾರ ಸಂಜೆ, ಸೌಂದರ್ಯಾ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದಾಗ ಅವಳ ಫೋನು ಗುಂಯ್‌ಗುಟ್ಟಿತು. ಸಿಡಿತ. ಅವಳಿಗೆ ಆಗ ಏಳನೇ ತಿಂಗಳು. ಬಸುರಿ ಎಂದು ಯಾರೋ ಎದ್ದು ಸೀಟು ಕೊಟ್ಟಿದ್ದಾರೆ. ಇವಳು ಹೊಟ್ಟೆಯ ಮುಂದೆ ಲ್ಯಾಪ್‌ಟಾಪ್ ತೆರೆದು ಲೆಕ್ಕ ಶುರು ಮಾಡಿದ್ದಾಳೆ. ಜ್ಞಾನಭಾರತಿ ದಾಟುವಾಗ ಇನ್ನೊಂದು ಸಿಡಿತ, ನಾಯಂಡಹಳ್ಳಿ ಬರುವಾಗ ಮತ್ತೊಂದು. ಈ ಜನರಲ್ಲಿ ಒಂದು ಓಟವಿದೆ. ಸಿಡಿತ ಕಂಡ ಕೂಡಲೇ ಅದು ಇಂಥಲ್ಲಿ ಎಂದು ಪ್ರಪಂಚದ ಎಲ್ಲ ದುರ್ಬೀನುಗಳವರಿಗೆ ಒಂದು ಪ್ರಕಟಣೆ ಕಳಿಸಬೇಕು, ಮೊದಲು ಕಳಿಸಿದವರ ಹೆಸರು ಮೇಲೆ. ಅತ್ತಿಗುಪ್ಪೆಯಲ್ಲಿ ಬಾಗಿಲು ತೆರೆಯುವ ಮೊದಲೇ ಇವಳು ಕಳಿಸಿಬಿಟ್ಟಿದ್ದಳು: ಗೂಳಪ್ಪ ಎಚ್ಚರವಾಗಿದ್ದಾನೆ.

ಮನೆಗೆ ಬಂದವಳ ಮುಖ ನೋಡಬೇಕಿತ್ತು. “ರೀ, ಗೂಳಪ್ಪ ಎದ್ದ ಕಣ್ರೀ!” ಎಂದು ಮೆಟ್ಟಿಲ ಮೇಲಿಂದಲೇ ಕೂಗಿದಳು. ಕೆಳಗಿನ ಮನೆಯ ಕಿಟಕಿ ತೆರೆಯಿತು. ನಿಜವಾದ ಗೂಳಪ್ಪ ಹಣಕಿ ನೋಡಿದರು. ನಾನು ಕೈ ಮುಗಿದೆ.

ಅವಳ ಮೇಲಧಿಕಾರಿ ಶ್ರೀಶ ಹತ್ತು ವರ್ಷ ಗೂಳಪ್ಪನನ್ನೇ ಅಧ್ಯಯನ ಮಾಡಿದವರು. ಖುಷಿಯಿಂದ ಅವರೇ ಹೊರದೇಶದ ಎಕ್ಸ್-ರೇ ದುರ್ಬೀನಿನವರಿಗೆ ಹೇಳಿ ಆ ಕಡೆಗೆ ತಿರುಗಿಸಿದರು. ಶುಕ್ರವಾರ ಫಲಿತಾಂಶ ಬಂತು. ಗೂಳಪ್ಪ ಗೊರಕೆ ಹೊಡೆಯುತ್ತಿದ್ದ. ಸಿಡಿದವನ ಮೈ ಕಾದಿರಬೇಕು, ಎಕ್ಸ್-ರೇಯಲ್ಲಿ ಎಂದಿಗಿಂತ ಹೆಚ್ಚು ಹೊಳೆಯಬೇಕು. ಇವನು ಹಿಂದಿನ ವರ್ಷ ಎಷ್ಟು ಮಂಕಾಗಿದ್ದನೋ ಅಷ್ಟೇ ಮಂಕು. “ಕೆಲವು ಸಲ ಹಿಂಗೂ ಆಗತ್ತಮ್ಮ,” ಎಂದರಂತೆ ಶ್ರೀಶ. ಇವಳಿಗೆ ಸಮಾಧಾನವಿಲ್ಲ. ಆ ಸಂಜೆ ಅನ್ನದ ತಟ್ಟೆಯನ್ನು ಅಡುಗೆಮನೆಯಿಂದ ಹಾಲಿಗೂ, ಹಾಲಿನಿಂದ ಬಾಲ್ಕನಿಗೂ ಹೊತ್ತು ತಿರುಗಿದಳು. ನನಗೆ ರೇಗಿತು. ಹೊಟ್ಟೆಯಲ್ಲಿ ಕೂಸಿರುವವಳು ಒಂದು ಕಡೆ ಕೂತು ತಿನ್ನಬಾರದೇ?

ಶನಿವಾರ ಅವಳಿಗೆ ತಪ್ಪು ಸಿಕ್ಕಿತು. ತಪ್ಪು ಅವಳದೇ. ಉಪಗ್ರಹ ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯದೆ ಸಿಡಿತದ ಜಾಗ ಹೇಳಲಾಗುವುದಿಲ್ಲ. ಅದರ ನಿಜವಾದ ದಾಖಲೆ ಕೆಳಗೆ ಬರುವುದು ಎರಡು ಮೂರು ದಿನ ತಡವಾಗಿ. ಅವಸರದಲ್ಲಿ ಎಲ್ಲರೂ ಮಾಡುವಂತೆ ಇವಳೂ ಮೆಟ್ರೋದಲ್ಲಿ ಮೊದಲೇ ಊಹಿಸಿ ಬರೆದಿಟ್ಟ ದಿಕ್ಕನ್ನು ಬಳಸಿದ್ದಳು. ಆದರೆ ಆ ಹೊತ್ತಿನಲ್ಲಿ ಉಪಗ್ರಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುತ್ತಿತ್ತು. ಊಹೆಯ ದಿಕ್ಕು ನಿಜದ ದಿಕ್ಕಾಗಿರಲಿಲ್ಲ. ತಪ್ಪಾದ ಜಾಗದಲ್ಲಿ ಪರಿಚಯದ ಗೂಳಪ್ಪ ಕೂತಿದ್ದ. ಹೆಸರು ಕೆಟ್ಟವನು ಕಣ್ಣಿಗೆ ಬಿದ್ದ ಮೇಲೆ ಬೇರೆ ಯಾರನ್ನು ಹುಡುಕುತ್ತಾರೆ?

“ಬೇರೆ ಯಾವುದೋ ಹೊಸದು ಸಿಡೀತಿದೆ ರೀ. ಯಾರಿಗೂ ಗೊತ್ತಿಲ್ದೆ ಇರೋದು,” ಎಂದಳು. “ಸಿಡಿತ ಕಮ್ಮಿ ಆಗ್ತಾ ಬಂತು. ಮೈ ಆರಿಬಿಟ್ರೆ ಎಕ್ಸ್-ರೇಲೂ ಕಾಣಲ್ಲ. ಇಷ್ಟು ವರ್ಷಕ್ಕೆ ಒಂದ್ಸಲ ಬಾಯಿ ಬಿಟ್ಟಿದೆ, ಎಲ್ರೂ ನನ್ ಮಾತು ಕೇಳಿ ಬೇರೆ ಕಡೆ ನೋಡ್ತಾ ಕೂತಿದಾರೆ.”

ನಿಜವಾದ ದಾಖಲೆ ಭಾನುವಾರ ಬೆಳಿಗ್ಗೆ ಬರುವುದಿತ್ತು. ಶ್ರೀಶ ಮಾತ್ರ, ಸೋಮವಾರ ಎಲ್ಲರೂ ಕೂತು ನೋಡೋಣ, ಅವಸರ ಬೇಡ ಎಂದಿದ್ದರು. ಮುಂದಿನ ವಾರ ಅವಳ ಕಾಂಟ್ರಾಕ್ಟ್ ನವೀಕರಣದ ಸಭೆಯೂ ಇತ್ತು. ನಾನು ಲೋಕ ಕಂಡವನ ಗತ್ತಿನಲ್ಲಿ ಹೇಳಿದೆ, “ಅವರು ಹೇಳಿದ್ದು ಸರೀನೇ ಕಣೇ. ನಾನೇ ತಪ್ಪು ಮಾಡಿದೆ ಅಂತ ಊರಿಗೆಲ್ಲಾ ಡಂಗುರ ಸಾರಿ ಆಮೇಲೆ ಇಂಟರ್‌ವ್ಯೂಗೆ ಹೋಗ್ತೀಯಾ? ಮೀಟಿಂಗ್ ಮುಗೀಲಿ.”

ಅವಳು ನನ್ನನ್ನೇ ನೋಡಿದಳು. “ಅಮೀನಪ್ಪನವ್ರ ಕತೆ ಹೇಳಿದ್ದು ಯಾರು ನಂಗೆ?”

ನಾನೇ ಹೇಳಿದ್ದು. ಅಮೀನಪ್ಪ ನಮ್ಮ ಸೆಂಟರಿನ ಹಿರಿಯರು, ಈಗ ನಿವೃತ್ತರು. ಒಂದು ದಿನ ಇಬ್ಬರ ಫಿಲ್ಮುಗಳು ಕವರಿನಲ್ಲಿ ಅದಲುಬದಲಾಗಿ ಹೋದವು. ಗೊತ್ತಾದ ಕೂಡಲೇ ಅಮೀನಪ್ಪ ಮೈ ಮೇಲಿದ್ದ, ಎಕ್ಸ್-ರೇ ತಡೆಯುವ ಸೀಸದ ಏಪ್ರನ್ ಕೂಡ ಬಿಚ್ಚದೆ ನಡುರಸ್ತೆಯಲ್ಲಿ ಓಡಿ, ಮೆಟ್ರೋ ಮೆಟ್ಟಿಲ ಮೇಲೆ ಆ ರೋಗಿಯನ್ನು ಹಿಡಿದು, ತಪ್ಪು ನಂದು ಕೊಡಿ ಎಂದು ಕವರು ಇಸಿದುಕೊಂಡಿದ್ದರು. ಎಕ್ಸ್-ರೇಯವರೆಂದರೆ ಹೀಗಿರಬೇಕು ಎಂದು ಮದುವೆಯಾದ ಹೊಸತರಲ್ಲಿ ನಾನು ಎದೆಯುಬ್ಬಿಸಿ ಹೇಳಿದ್ದೆ. ಹೆಂಡತಿಗೆ ಕತೆ ಹೇಳುವಾಗ ಹಿಂದೆ ಮುಂದೆ ನೋಡಿ ಹೇಳಬೇಕು.

ಭಾನುವಾರವೇ ಅವಳ ಕುಬುಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಆರತಿ ಮಾಡುವ ನಮ್ಮ ಕಡೆಯ ಶಾಸ್ತ್ರ. ಅದಕ್ಕೆಂದು ಹರಿಹರದಿಂದ ನಮ್ಮವ್ವ ಶಿವಗಂಗಮ್ಮ ಹಿಂದಿನ ದಿನವೇ ಬಂದಿಳಿದಿದ್ದಳು. ಅವ್ವ ಈ ಸಲ ಮೈಯೆಲ್ಲ ಕಣ್ಣಾಗಿದ್ದಳು. ಎರಡು ವರ್ಷದ ಹಿಂದೆ ಸೌಂದರ್ಯಾಳಿಗೆ ಐದು ತಿಂಗಳಿಗೇ ಹೋಗಿಬಿಟ್ಟಿತ್ತು. ಆ ಸಂಕಟದ ಬಗ್ಗೆ ನಾವು ಮೂವರೂ ಮಾತಾಡಿದವರಲ್ಲ. ಡಾಕ್ಟರಿಗೆ ಕಾರಣ ಸಿಗಲಿಲ್ಲ. ಅವ್ವನಿಗೆ ಸಿಕ್ಕಿತ್ತು, ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಅದೇನೆಂದು ನನಗೆ ತಿಳಿದದ್ದು ಭಾನುವಾರ.

ಅವತ್ತು ಬೆಳಿಗ್ಗೆ ಮನೆ ತುಂಬ ಹೆಂಗಸರು. ಹೋಳಿಗೆಯ ವಾಸನೆ, ಮಲ್ಲಿಗೆಯ ವಾಸನೆ. ಸೌಂದರ್ಯಾ ಮಣೆಯ ಮೇಲೆ ಕೂತಿದ್ದಳು, ಅಂದರೆ ಕೂರಿಸಿದ್ದರು. ಒಂದು ಕೈಗೆ ಬಳೆ ಏರಿಸುತ್ತಿದ್ದರೆ ಇನ್ನೊಂದು ಕೈ ಫೋನು ಒತ್ತುತ್ತಿತ್ತು. ದಾಖಲೆ ಬಂದಿತು. ಅದನ್ನು ಹಾಕಿ ಲೆಕ್ಕ ಮಾಡುವುದಕ್ಕೆ ಲ್ಯಾಪ್‌ಟಾಪ್ ಬೇಕು. ಉಡಿ ತುಂಬಿದ ಮೇಲೆ, ಆರತಿ ತಟ್ಟೆ ಸಿದ್ಧವಾಗುತ್ತಿರುವಾಗ, ಒಂದು ನಿಮಿಷ ಎಂದು ಒಳಗೆ ಹೋದಳು. ಬರಿಗೈಯಲ್ಲಿ ಹೊರಗೆ ಬಂದಳು.

“ಲ್ಯಾಪ್‌ಟಾಪ್ ಎಲ್ರೀ?”

ನಾನು ಮಂಚದ ಕೆಳಗೆ ನೋಡಿದೆ, ಹಾಸಿಗೆ ಮಡಿಕೆಗಳಲ್ಲಿ ನೋಡಿದೆ. ಇಲ್ಲ. ಇಡೀ ಊರಿನ ಕುಕ್ಕರ್ ಪತ್ತೆ ಮಾಡುವವಳಿಗೆ ತನ್ನ ಮನೆಯ ಲ್ಯಾಪ್‌ಟಾಪ್ ಪತ್ತೆಯಾಗಲಿಲ್ಲ. ಅವಳು ಅತ್ತು ಕೂರುವ ಪೈಕಿಯಲ್ಲ. ಉಡಿಯಲ್ಲಿದ್ದ ತೆಂಗಿನಕಾಯಿ, ಅಕ್ಕಿ, ಉತ್ತತ್ತಿಯನ್ನು ಸೆರಗಿನಲ್ಲಿ ಬಿಗಿಯಾಗಿ ಗಂಟು ಹಾಕಿಕೊಂಡು ಚಪ್ಪಲಿ ಹುಡುಕತೊಡಗಿದಳು.

“ಎಲ್ಲಿಗೆ ಹೊಂಟಿ?” ಅವ್ವ ಬಾಗಿಲಿಗೆ ಬಂದಳು.

“ಕೆಂಗೇರಿಗೆ ಅತ್ತೆ, ಆಫೀಸಿಗೆ. ಮೆಟ್ರೋಲಿ ಹೋಗಿ ಬಂದ್ಬಿಡ್ತೀನಿ.”

“ಉಡಿ ತುಂಬಿದಾಕಿ ಆರತಿ ಆಗೋ ಮುಂಚೆ ಹೊಸ್ತಿಲ ದಾಟ್ತಾಳೇನು? ಶಿವನೇ!”

“ಅತ್ತೆ, ಆರತಿ ಆಗೋ ಹೊತ್ತಿಗೆ ಅದು ಆರಿಹೋಗಿರತ್ತೆ.”

ಏನು ಆರಿಹೋಗುತ್ತದೆ ಎಂದು ಯಾರಿಗೂ ತಿಳಿಯಲಿಲ್ಲ. ಆದರೆ ಅವಳ ಒಂದು ಪಾದ ಆಗಲೇ ಹೊಸ್ತಿಲ ಮೇಲಿತ್ತು. ಅವ್ವ ಆ ಪಾದ ನೋಡಿದಳು, ಸೊಸೆಯ ಹೊಟ್ಟೆ ನೋಡಿದಳು. ಒಳಗೆ ಹೋಗಿ ಬೀರುವಿನ ತಳದಿಂದ ಒಂದು ಭಾರವಾದ ಗಂಟು ಎಳೆದು ತಂದು ಮಂಚದ ಮೇಲೆ ಹಾಕಿದಳು. ನೋಡಿದರೆ ನನ್ನ ಸೀಸದ ಏಪ್ರನ್. ಸೆಂಟರಿನಲ್ಲಿ ಬಿರುಕು ಬಿಟ್ಟಿತೆಂದು ಎಸೆದದ್ದನ್ನು, ತಾರಸಿಯ ಟಾರ್ಪಾಲಿನ ಮೇಲೆ ಭಾರಕ್ಕೆ ಇರಲಿ ಎಂದು ತಂದಿಟ್ಟಿದ್ದೆ. ಅದರೊಳಗೆ ಮೂರು ಸುತ್ತು ಸುತ್ತಿ, ಹಗ್ಗ ಬಿಗಿದು, ಸೌಂದರ್ಯಾಳ ಲ್ಯಾಪ್‌ಟಾಪ್.

ನನಗೆ ನಗು ತಡೆಯಲಾಗಲಿಲ್ಲ. ಅವ್ವ ನನ್ನ ಮೇಲೆ ಹರಿಹಾಯ್ದಳು.

“ಏನು ಹಲ್ಲು ಕಿಸಿತಿ? ನಿಮ್ಮ ಎಕ್ಸ್-ರೇ ಕ್ವಾಣಿ ಬಾಗಲ ಮ್ಯಾಲೆ ಏನು ಬರ್ದೈತಿ? ಬಸುರಿ ಹೆಂಗಸರು ಒಳಗ ಬರಬ್ಯಾಡ್ರಿ ಅಂತ ಬರ್ದಿಲ್ಲೇನು? ಸೀಸದ ಅಂಗಿ ದಾಟಿ ಎಕ್ಸ್-ರೇ ಬರಂಗಿಲ್ಲ ಅಂತ ನೀನೇ ಹೇಳಿದ್ದಿಲ್ಲೇನು? ಈಕಿ ಹಗಲೂ ರಾತ್ರಿ ಎಕ್ಸ್-ರೇ ಎಕ್ಸ್-ರೇ ಅಂತ ಹೊಟ್ಟಿ ಮ್ಯಾಲೇ ಇಟ್ಕೊಂಡು ಕುಂತಿರ್ತಾಳ. ಹೋದ ಸಲನೂ ಹಿಂಗ ಕುಂತಿದ್ದಳು. ನಾ ಬಾಯಿ ಬಿಡಲಿಲ್ಲ. ಈ ಸಲ ಸುಮ್ಮನಿರಾಕ ಆಗಂಗಿಲ್ಲ ನನಗ.”

ನನ್ನ ನಗು ಅಲ್ಲೇ ನಿಂತಿತು. ಅವಳು ಹೇಳಿದ್ದರಲ್ಲಿ ಒಂದೊಂದೂ ನಾನು ಹೇಳಿಕೊಟ್ಟದ್ದೇ. ಬರೀ ಕೂಡಿಸಿದ್ದು ಅವಳು.

ಸೌಂದರ್ಯಾ ಮಂಚದ ಮೇಲೆ ಕೂತಳು. ನಿಜವಾಗಿಯೂ ಕೂತಳು. ಅವ್ವನ ಕೈ ಹಿಡಿದುಕೊಂಡಳು. “ಅತ್ತೆ, ಇವ್ರ ಮೆಷಿನ್ ಎಕ್ಸ್-ರೇ ಬಿಡತ್ತೆ. ನಂದು ಬಿಡಲ್ಲ. ಆ ಎಕ್ಸ್-ರೇ ಬರೋದು ಅಲ್ಲಿ, ಮೇಲಿಂದ. ಭೂಮಿ ಹತ್ರ ಬರೋ ಹೊತ್ಗೆ ಅದರಲ್ಲಿ ಏನೂ ಉಳಿದಿರಲ್ಲ. ಬಂದಿದ್ದನ್ನೂ ನಮ್ ಮೇಲಿರೋ ಗಾಳೀನೇ ತಡೆದುಬಿಡತ್ತೆ. ಅದಕ್ಕೇ ದುರ್ಬೀನನ್ನ ಗಾಳಿ ಆಚೆ ಕಳ್ಸಿದಾರೆ. ಇದ್ರಲ್ಲಿ ಬರೋದು ಬರೀ ಅಂಕಿ. ನಿಮ್ ಫೋನಿಗೆ ಮೆಸೇಜು ಬರಲ್ವಾ, ಹಂಗೆ.”

ಅವ್ವ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

“ಹಂಗಾದ್ರ ಹೋದ ಸಲದ್ದು ಇದರಿಂದ ಅಲ್ಲ?”

“ಅಲ್ಲ ಅತ್ತೆ. ಯಾತರಿಂದ ಅಂತ ಯಾರಿಗೂ ಗೊತ್ತಾಗ್ಲಿಲ್ಲ.”

“ಮತ್ತ ನಾ ಯಾರನ್ನ ಬೈಲವ್ವ?” ಎಂದಳು ಅವ್ವ. ಎರಡು ವರ್ಷ ನುಂಗಿಕೊಂಡಿದ್ದ ಅಳು ಅವತ್ತು ಹೊರಗೆ ಬಂತು. ಹಾಲ್‌ನಲ್ಲಿ ಹೆಂಗಸರು ಸೋಬಾನೆ ನಿಲ್ಲಿಸಿದರು. ಸೌಂದರ್ಯಾಳೂ ಅತ್ತಳು. ನಾನು ಏನು ಮಾಡಬೇಕೆಂದು ತೋಚದೆ ಆ ಹಾಳು ಹಗ್ಗವನ್ನು ಬಿಚ್ಚುತ್ತಾ ನಿಂತೆ.

ಆಮೇಲೆ ಅವ್ವ ಮೂಗು ಒರೆಸಿಕೊಂಡು, ಮಾಡು ನಿನ್ನ ಕೆಲಸ, ಬೇಗ ಮಾಡು, ಆರತಿ ಕಾಯ್ತೈತಿ ಎಂದಳು. ಸೌಂದರ್ಯಾ ಮಂಚದ ಮೇಲೆಯೇ ಲೆಕ್ಕಕ್ಕೆ ಕೂತಳು. ಮೊಣಕೈ ತನಕ ಏರಿದ್ದ ಹಸಿರು ಗಾಜಿನ ಬಳೆಗಳು ಕೀಲಿಗಳ ಮೇಲೆ ಟಣಟಣ ಬಡಿಯುತ್ತಿದ್ದವು. ಅವ್ವ ಪಕ್ಕದಲ್ಲೇ ಕೂತು, ಬಳೆ ಒಡೆದರೆ ಒಳ್ಳೆಯದಲ್ಲ ಎಂದು ಅವನ್ನು ಎರಡೂ ಕೈಗಳಿಂದ ಮೇಲಕ್ಕೆ ಸರಿಸಿ ಹಿಡಿದುಕೊಂಡಳು. ಸೊಸೆ ಒತ್ತುತ್ತಿದ್ದಳು, ಅತ್ತೆ ಬಳೆ ಹಿಡಿದಿದ್ದಳು. ಹೊರಗೆ ಹೋಳಿಗೆ ಆರುತ್ತಿತ್ತು.

ಹೊಸ ಜಾಗ ಬಂತು. ಗೂಳಪ್ಪನಿರುವ ಕಡೆಯಲ್ಲ. ಕೈ ಚಾಚಿ ಹಿಡಿದರೆ ಅವನಿಗೆ ಎರಡು ಬೆರಳಗಲ ಎಡಕ್ಕೆ. ಸಿಡಿತಗಳನ್ನೆಲ್ಲ ಒಟ್ಟಿಗೆ ಹಾಕಿದಾಗ ಹುಡುಕುವ ಜಾಗವೂ ಚಿಕ್ಕದಾಯಿತು, ದುರ್ಬೀನು ನಾಲ್ಕು ಸಲ ನೋಡಿದರೆ ಮುಗಿಯುವಷ್ಟು. ಅವಳು ಎರಡನೇ ಪ್ರಕಟಣೆ ಬರೆದಳು: ಗುರುವಾರ ನಾನು ಕೊಟ್ಟ ಜಾಗ ತಪ್ಪು, ಊಹೆಯ ದಿಕ್ಕನ್ನು ಬಳಸಿದ ತಪ್ಪು ನನ್ನದೊಬ್ಬಳದೇ, ದಯವಿಟ್ಟು ಇಲ್ಲಿ ನೋಡಿ. ಕೊನೆಗೆ ಅವಳ ಹೆಸರು, ಕೇಂದ್ರದ ಹೆಸರು. ಕಳಿಸುವ ಮೊದಲು ನನ್ನ ಮುಖ ನೋಡಿದಳು. ನನಗೆ ಭಯವಾಗಿತ್ತು, ಸುಳ್ಳೇಕೆ ಹೇಳಲಿ. ಹೆಸರು ಹಾಳಾಗುತ್ತದೆ, ಕೆಲಸ ಹೋಗುತ್ತದೆ ಎಂದೇ ಅನ್ನಿಸಿತು. ಆದರೆ ಹಾಸಿಗೆಯ ಮೇಲೆ ಆ ಸೀಸದ ಏಪ್ರನ್ ಬಿದ್ದಿತ್ತು. “ಓಡು,” ಎಂದೆ. ಅವಳಿಗೆ ಅರ್ಥವಾಯಿತು. ಒತ್ತಿದಳು.

ಅವತ್ತು ಸಂಜೆ, ನೆಂಟರೆಲ್ಲ ಹೋದ ಮೇಲೆ, ಅವ್ವ ಕೇಳಿದಳು, “ಅಲ್ಲಿ ಮ್ಯಾಲೆ ಅಂದೆಲ್ಲ, ಎಲ್ಲೈತಿ ಅದು?”

ಈ ಮನೆಯಲ್ಲಿ “ಎಲ್ಲಿ” ಎಂದು ಸೌಂದರ್ಯಾಳನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅವಳು ಅವ್ವನ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದಳು. ಮೋಡ ಕವಿದಿತ್ತು, ಒಂದು ನಕ್ಷತ್ರವೂ ಇಲ್ಲ. ಎದುರುಮನೆಯ ನೀರಿನ ಕಪ್ಪು ಟ್ಯಾಂಕಿನ ಕಡೆಗೆ ಅವ್ವನ ತೋಳು ಚಾಚಿಸಿದಳು. “ಆ ಟ್ಯಾಂಕ್ ಮೇಲೆ ಗೂಳಪ್ಪ. ಈಗ ಎರಡು ಬೆರಳು ಹಿಡೀರಿ. ಅದರ ಎಡಕ್ಕೆ.” ಅವ್ವ ಒಂದು ಕಣ್ಣು ಮುಚ್ಚಿ ಎರಡು ಬೆರಳು ಹಿಡಿದು ಮೋಡದೊಳಗೆ ಬಹಳ ಹೊತ್ತು ನೋಡಿದಳು. ಕಾಣದ್ದನ್ನು ಅಷ್ಟು ಶ್ರದ್ಧೆಯಿಂದ ನೋಡುವವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಸೋಮವಾರ ಶ್ರೀಶ ಬೈಯಲಿಲ್ಲ. “ಒಂದ್ ಮಾತು ಹೇಳಿ ಕಳಿಸ್ಬೋದಿತ್ತು,” ಎಂದರಂತೆ, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ನವೀಕರಣದ ಸಭೆ ಮುಂದಕ್ಕೆ ಹೋಯಿತು. ಎಕ್ಸ್-ರೇ ದುರ್ಬೀನಿನವರು, ಒಂದು ಸಲ ನಿಮ್ಮ ಮಾತು ಕೇಳಿ ತಿರುಗಿಸಿದ್ದೇವೆ, ಇನ್ನೊಮ್ಮೆ ಬಿಡುವಾದಾಗ ನೋಡುತ್ತೇವೆ ಎಂದು ಉತ್ತರ ಕೊಟ್ಟರು. ಉಪಗ್ರಹಕ್ಕೆ ಸಿಡಿತ ಕಾಣುವುದು ನಿಂತೇ ಹೋಯಿತು. ಮಂಗಳವಾರ ದುರ್ಬೀನು ಮೊದಲ ಜಾಗ ನೋಡಿತು, ಏನೂ ಇಲ್ಲ. ಎರಡನೆಯದು, ಅಲ್ಲೂ ಇಲ್ಲ. ಸೌಂದರ್ಯಾ ಅಡುಗೆಮನೆ, ಹಾಲ್, ಬಾಲ್ಕನಿ ಎಂದು ತಿರುಗಿದ ತಿರುಗಾಟಕ್ಕೆ ಕೆಳಗಿನಿಂದ ಗೂಳಪ್ಪನವರೇ ಮೇಲೆ ಬಂದರು. ಸಿಡಿಯುತ್ತಾರೆ ಎಂದುಕೊಂಡೆ. “ಏನಮ್ಮಾ, ಹೊಟ್ಟೆನೋವಾ? ಆಟೋ ಕರೀಲಾ?” ಎಂದು ಕೇಳಿ ಹೋದರು. ನನಗೆ ನಾಚಿಕೆಯಾಯಿತು.

ಬುಧವಾರ ಅವಳು ರಜೆ ಹಾಕಿದಳು. ಮಧ್ಯಾಹ್ನ ಊಟಕ್ಕೆಂದು ನಾನು ಮನೆಗೆ ಬಂದಾಗ ಮನೆ ನಿಶ್ಶಬ್ದ. ತೂಗುಕುರ್ಚಿಯಲ್ಲಿ ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು, ಬಾಯಿ ತುಸು ತೆರೆದು, ಹಸಿರು ಬಳೆಯ ಕೈಗಳು ಹೊಟ್ಟೆಯ ಮೇಲೆ. ಅವ್ವ ನೆಲದ ಮೇಲೆ ಕೂತು ಕುರ್ಚಿಯನ್ನು ಮೆಲ್ಲಗೆ ತೂಗುತ್ತಿದ್ದಳು. ಸೌಂದರ್ಯಾಳ ಫೋನು ಆಫ್ ಮಾಡಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬಾಯಿ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದಳು.

ಆಗ ನನ್ನ ಫೋನು ರಿಂಗಾಯಿತು. ಅಡುಗೆಮನೆಗೆ ಓಡಿ ಎತ್ತಿದೆ. ಶ್ರೀಶ.

“ಸಿದ್ದಲಿಂಗೇಶ್ ಅವ್ರಾ? ಸೌಂದರ್ಯಾ ಫೋನ್ ಆಫ್ ಬರ್ತಿದೆ. ಹೇಳಿ ಅವರಿಗೆ, ಸಿಕ್ತು. ಮೂರನೇ ಜಾಗದಲ್ಲಿ. ಹೊಸದು, ಯಾರ ಪಟ್ಟೀಲೂ ಇಲ್ಲ. ಇನ್ನೂ ಬಿಸಿ ಇದೆ, ನಾಡಿ ಹೊಡ್ಕೊಳ್ತಾ ಇದೆ.” ಆಮೇಲೆ ಸೇರಿಸಿದರು, “ನಾನು ಹೇಳ್ದಂಗೆ ಸೋಮವಾರದ ತನಕ ಕಾದಿದ್ರೆ ಇವತ್ತಿಗೂ ಯಾರೂ ಅಲ್ಲಿ ನೋಡ್ತಾನೇ ಇರ್ಲಿಲ್ಲ. ಅದನ್ನೂ ಹೇಳಿ.”

ಹೊರಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದೆ. ಎಬ್ಬಿಸಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಮಲಗಿದ ಬಸುರಿಯನ್ನು ಎಬ್ಬಿಸುವುದು ಅವಳ ಲೆಕ್ಕದಲ್ಲಿ ಮಹಾಪಾಪ. ಅವ್ವ ಕುರ್ಚಿ ತೂಗುವುದನ್ನು ನಿಲ್ಲಿಸಿದಳು. ಸೊಸೆಯ ಕೆನ್ನೆ ಮುಟ್ಟಿದಳು.

“ಏಳವ್ವ. ಸಿಕ್ತಂತ.”

ಸೌಂದರ್ಯಾ ಕಣ್ಣು ಪೂರ್ತಿ ತೆರೆಯಲಿಲ್ಲ. “ಎಲ್ಲಿ?” ಎಂದಳು.

ನಾನು ಅದನ್ನೇ ಕೇಳಿರಲಿಲ್ಲ. ಮೂರನೇ ಜಾಗ ಎಂದರೆ ಎಲ್ಲಿ, ಅಂಕಿಗಳೇನು, ಒಂದೂ ಕೇಳಿರಲಿಲ್ಲ. ನಾನು ತಡವರಿಸುತ್ತಿರುವಾಗ ಅವ್ವ ಎದ್ದು ಕಿಟಕಿಯ ಬಳಿ ಹೋಗಿ, ನಡುಹಗಲ ಬಿಸಿಲಿನಲ್ಲಿ, ಎದುರುಮನೆಯ ಕಪ್ಪು ಟ್ಯಾಂಕಿನ ಕಡೆಗೆ ತೋಳು ಚಾಚಿದಳು. ಒಂದು ಕಣ್ಣು ಮುಚ್ಚಿ, ಎರಡು ಬೆರಳು ಹಿಡಿದು, ಎಡಕ್ಕೆ ತೋರಿಸಿದಳು.

“ಅಲ್ಲೇ. ನೀ ಹೇಳಿದ್ದೆಲ್ಲ, ಅಲ್ಲೇ.”

ಆ ಹೊತ್ತಿನಲ್ಲಿ ಆ ಜಾಗ ಟ್ಯಾಂಕಿನ ಮೇಲಿರಲಿಲ್ಲ. ಭೂಮಿ ತಿರುಗಿ ಅದು ನಮ್ಮ ಕಾಲ ಕೆಳಗೆ, ನೆಲದ ಆಚೆ ಬದಿಗೆ ಹೋಗಿತ್ತು. ಅಷ್ಟು ನನಗೂ ಗೊತ್ತು, ಅವಳ ಜೊತೆ ಸಂಸಾರ ಮಾಡಿದ್ದೇನೆ. ಸ್ವಾಮಿಗಳನ್ನು ಬಿಡದವಳು, ತನ್ನನ್ನೇ ಬಿಡದವಳು. ಈಗ ತಿದ್ದುತ್ತಾಳೆ ಎಂದು ಕಾದೆ.

ಸೌಂದರ್ಯಾ ಅವ್ವನ ಬೆರಳುಗಳನ್ನು ನೋಡಿದಳು.

“ಹೂಂ ಅತ್ತೆ, ಅಲ್ಲೇ,” ಎಂದಳು. ಮತ್ತೆ ಕಣ್ಣು ಮುಚ್ಚಿ, ಕೂತಲ್ಲೇ ಕೂತಳು.